ರಕ್ತ ಕುಡಿದ ಗೋಧಿ

ಚೀನಾದ ಯಾನ್ ಲಿಯಾನ್ಕೆ ಅವರ ‘ನಾಲ್ಕು ಪುಸ್ತಕಗಳು’ ಕಾದಂಬರಿಯಲ್ಲಿ ಯಾರಿಗೂ ಹೆಸರಿಲ್ಲ. ಲೇಖಕ, ವಿದ್ವಾಂಸ, ಸಂಗೀತಗಾರ್ತಿ, ಧರ್ಮಶಾಸ್ತ್ರಜ್ಞ ಎಲ್ಲರೂ ಹಳದಿ ನದಿಯ ಹತ್ತಿರದ ‘ಮರುಶಿಕ್ಷಣ’ ಶಿಬಿರದ ಕೈದಿಗಳು. ಅವರನ್ನು ಆಳುವುದು ಒಂದು ‘ಮಗು’. ಹೇಳಿದಂತೆ ಕೇಳಿದವರಿಗೆ ಅದು ಕಾಗದದ ಕೆಂಪು ಹೂ ಕೊಡುತ್ತದೆ. ಹೂ ಕೂಡಿಸಿದರೆ ನಕ್ಷತ್ರ, ಐದು ನಕ್ಷತ್ರವಾದರೆ ಮನೆಗೆ ಹೋಗಬಹುದು. ಆ ಹೂವಿಗಾಗಿ ಓದು ಬಲ್ಲವರೇ ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಾರೆ.

ಮಾದರಿ ದುಡಿಮೆಗಾರರ ಎದೆಗೆ ಕೆಂಪು ಹೂ ಸಿಕ್ಕಿಸುವುದು 1958ರ ಸುಮಾರಿನ ಚೀನಾದಲ್ಲಿ ನಿಜಕ್ಕೂ ಇದ್ದ ವಾಡಿಕೆ. ಪ್ರಚಾರಕ್ಕೆಂದು ಸರ್ಕಾರವೇ ಬಳಸಿದ ಸಂಕೇತವನ್ನು ಯಾನ್ ಕೈಗೆತ್ತಿಕೊಂಡು, ಅದಕ್ಕೆ ತೆತ್ತ ಬೆಲೆಯ ಲೆಕ್ಕ ಕೇಳುತ್ತಾರೆ. ಕಾದಂಬರಿಯ ಬಲ ನನಗೆ ಕಂಡಿದ್ದು ಇಲ್ಲಿ.

ಗೋಧಿಯ ಪ್ರಸಂಗವನ್ನೇ ನೋಡಿ. ಎಷ್ಟು ಬೆಳೆಯುತ್ತೀರಿ ಎಂದು ಮೇಲಿನವರು ಕೇಳಿದಾಗ ಅಂಕಿಗಳು ಹರಾಜಿನ ಕೂಗಿನಂತೆ ಏರುತ್ತವೆ. ಮೆಕ್ಕೆಜೋಳದ ತೆನೆಗಿಂತ ದಪ್ಪನೆಯ ಗೋಧಿ ತೆನೆ ಬೆಳೆದು ಕೊಡುತ್ತೇನೆಂದು ಲೇಖಕ ಮಾತು ಕೊಡುತ್ತಾನೆ. ಮರಳು ದಿಬ್ಬದ ಮೇಲೆ ಒಬ್ಬನೇ ಬಿತ್ತುತ್ತಾನೆ. ಬೆರಳು ಕೊಯ್ದು, ರಕ್ತವನ್ನು ನೀರಿಗೆ ಬೆರೆಸಿ ಬುಡಕ್ಕೆ ಹನಿಸುತ್ತಾನೆ. ಪೈರು ಹುಲುಸಾಗಿ ಏಳುತ್ತದೆ, ಅವನು ಬಿಳಿಚಿಕೊಳ್ಳುತ್ತಾನೆ. ಹುಸಿ ಅಂಕಿಯೊಂದು ಒಂದೇ ದಿಬ್ಬದ ಮಟ್ಟಿಗೆ ನಿಜವಾಗಲಿಕ್ಕೂ ಮನುಷ್ಯನ ಮೈ ಬಸಿಯಬೇಕಾಯಿತು.

ಇದು ಬರೀ ಕಲ್ಪನೆಯಲ್ಲ. ಉತ್ಪಾದನೆಯನ್ನು ಒಮ್ಮೆಲೇ ಏರಿಸಲು ಸರ್ಕಾರ ಹೂಡಿದ 1958ರ ‘ಮಹಾ ಜಿಗಿತ’ ಅಭಿಯಾನದ ಹೊತ್ತಿನಲ್ಲಿ ಚೀನಾದ ಪತ್ರಿಕೆಗಳು ನಂಬಲಾಗದ ಇಳುವರಿಗಳನ್ನು ದಿನಾ ಅಚ್ಚು ಹಾಕಿದವು. ದಟ್ಟ ಪೈರಿನ ಮೇಲೆ ಮಕ್ಕಳು ನಿಂತ ಚಿತ್ರವೂ ಬಂತು. ಆ ಉಬ್ಬಿಸಿದ ಲೆಕ್ಕ ಹಿಡಿದೇ ಸರ್ಕಾರ ಧಾನ್ಯ ವಸೂಲಿ ಮಾಡಿತು, ಹಳ್ಳಿಯ ಕಣಜಗಳು ಬರಿದಾಗಿ ಕ್ಷಾಮ ತಲೆದೋರಿತು. ಯಾನ್ ಹುಟ್ಟಿದ ಹೆನಾನ್ ಪ್ರಾಂತದ ಶಿನ್‌ಯಾಂಗ್ ಪ್ರದೇಶವೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಹಸಿದವರು ಊರು ಬಿಟ್ಟು ಹೋಗದಂತೆ ಅಲ್ಲಿ ದಾರಿಗಳಿಗೆ ಕಾವಲು ಹಾಕಿದ್ದರು. ಇಡೀ ದೇಶದ ಸಾವಿನ ಲೆಕ್ಕ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಹೋಗುತ್ತದೆ. ಹಾಂಗ್‌ಕಾಂಗ್, ತೈವಾನ್‌ಗಳಲ್ಲಿ ಅಚ್ಚಾದ, ಈ ಕ್ಷಾಮವನ್ನೇ ಚಿತ್ರಿಸುವ ಕಾದಂಬರಿಗೆ ಚೀನಾದ ಮುಖ್ಯಭೂಮಿಯಲ್ಲಿ ಪ್ರಕಾಶಕರು ಸಿಗಲಿಲ್ಲ.

ಕೊನೆಗೆ ಮಗು ಕೆಂಪು ಹೂಗಳ ನಡುವೆ ತನ್ನನ್ನೇ ಶಿಲುಬೆಗೆ ಜಡಿದುಕೊಳ್ಳುತ್ತದೆ. ಈ ಒಂದು ಸಂಕೇತ ನನ್ನ ಮನಸ್ಸಿಗೆ ಒಗ್ಗಲಿಲ್ಲ. ಹುತಾತ್ಮನ ಪಟ್ಟ ಆಳಿದವನ ಪಾಲಾಗುತ್ತದೆ. ಹಿಡಿ ಕಾಳಿಗಾಗಿ ಮೈ ಒಪ್ಪಿಸಿ ಪ್ರಾಣ ಬಿಟ್ಟ ಸಂಗೀತಗಾರ್ತಿಗೆ ಅಂಥ ಶಿಲುಬೆ ಯಾವುದೂ ಇಲ್ಲ. ಅವಳ ಮೇಲೆ ಚಾಡಿ ಬರೆದಿದ್ದ ಲೇಖಕ ತನ್ನ ಮೀನಖಂಡದ ಮಾಂಸ ಕೊಯ್ದು, ಬೇಯಿಸಿ, ಅವಳ ಗೋರಿಯ ಮುಂದೆ ಎಡೆಯಿಡುತ್ತಾನೆ.