ಕಾಲೇಜು ವಿದ್ಯಾರ್ಥಿಗಳ ಸಂಶೋಧನೆಯೂ ಊರ ಚಾವಡಿಯೂ

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಕೃಷಿ ಕಾಲೇಜಿನ ವಿದ್ಯಾರ್ಥಿಗಳು ಬಂದು ಕೆಲವು ಕಾಲ ವಾಸಮಾಡಿ ಹೋಗುವ ಪದ್ಧತಿಯು ಊರ ಹಿರಿಯರಿಗೆ ತಿಳಿದೇ ಇದೆ. ಅವರು ಮಣ್ಣನ್ನು ಕಟ್ಟಿಕೊಂಡು ಹೋಗುವರು, ಬಾವಿಯ ನೀರನ್ನು ಶೀಸೆಯಲ್ಲಿ ತುಂಬಿಕೊಳ್ಳುವರು, ಬೆಳೆಯ ಲೆಕ್ಕವನ್ನು ಕೇಳಿ ಬರೆದುಕೊಳ್ಳುವರು. ಇಷ್ಟಾದ ಮೇಲೆ ಆ ಲೆಕ್ಕವು ಏನಾಯಿತೆಂಬುದು ಹೊಲದೊಡೆಯನಿಗೆ ತಿಳಿಯದೆ ಉಳಿಯುವುದೂ ಉಂಟು. ಹೀಗಾಗಬಾರದು. ವಿದ್ಯಾರ್ಥಿಯು ತನ್ನ ಶೋಧವನ್ನು ಪಂಡಿತರ ಸಭೆಯಲ್ಲಿ ಮಂಡಿಸುವುದು ಎಷ್ಟು ಅವಶ್ಯವೋ, ಆ ಲೆಕ್ಕವನ್ನು ಕೊಟ್ಟ ಊರಿನ ಚಾವಡಿಯಲ್ಲಿ ಮಂಡಿಸುವುದೂ ಅಷ್ಟೇ ಅವಶ್ಯವು.

ವಿದ್ಯಾರ್ಥಿಗಳು ಬರುವ ಕಾರಣ

ಧಾರವಾಡದ ಕೃಷಿ ವಿಶ್ವವಿದ್ಯಾಲಯವು 1986ರಲ್ಲಿ ಸ್ಥಾಪಿತವಾಯಿತು. ವಿಜಯಪುರದ ಕೃಷಿ ಮಹಾವಿದ್ಯಾಲಯವು ಅದಕ್ಕೆ ಸೇರಿದುದು. ಕೃಷಿ ಪದವಿಯ ವ್ಯಾಸಂಗವು ನಾಲ್ಕು ವರ್ಷಗಳದು. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಯು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಯಲ್ಲಿ ನಿಲ್ಲತಕ್ಕದ್ದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ‘ಸ್ಟೂಡೆಂಟ್ ರೆಡಿ’ ಎಂಬ ಯೋಜನೆಯು 2015ರಲ್ಲಿ ಆರಂಭವಾಗಿ, ಈ ಅನುಭವವೂ ಅದರ ಅಂಗವಾಯಿತು. ವಿದ್ಯಾರ್ಥಿಗಳು ಗುಡಿಯ ಮುಂದೆ ರಂಗೋಲಿಯಿಂದ ಊರ ನಕ್ಷೆಯನ್ನು ಬರೆಯುವುದು ಈ ಕ್ರಮದಲ್ಲಿಯೇ. ಊರ ಕೆರೆ, ಬಾವಿ, ಬೆಳೆಗಳನ್ನು ಊರವರ ಬಾಯಿಂದಲೇ ಅರಿತುಕೊಳ್ಳುವುದು ಅದರ ಉದ್ದೇಶ.

ಶೋಧವನ್ನು ಮಂಡಿಸುವ ಸ್ಥಳಗಳು

ಹಿಂದೆ ಸಂಶೋಧನೆಯನ್ನು ಸಭೆಯಲ್ಲಿ ಓದುವುದು ಬಹುಮಟ್ಟಿಗೆ ಪ್ರಾಧ್ಯಾಪಕರ ಕೆಲಸವೆನಿಸಿತ್ತು. ಅಮೇರಿಕದಲ್ಲಿ 1987ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿಯೇ ಒಂದು ರಾಷ್ಟ್ರೀಯ ಸಮ್ಮೇಳನವು ಆಶ್‌ವಿಲ್ ಪಟ್ಟಣದಲ್ಲಿ ಮೊದಲಾಯಿತು. ನಮ್ಮ ದೇಶದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ‘ಅನ್ವೇಷಣ್’ ಎಂಬ ವಿದ್ಯಾರ್ಥಿ ಸಂಶೋಧನಾ ಸಮ್ಮೇಳನವನ್ನು ಏರ್ಪಡಿಸುತ್ತ ಬಂದಿದೆ. ಕೃಷಿಯೂ ಅದರ ವಿಷಯಗಳಲ್ಲಿ ಒಂದು. ಮೊದಲು ವಲಯದ ಮಟ್ಟದಲ್ಲಿ, ಬಳಿಕ ರಾಷ್ಟ್ರದ ಮಟ್ಟದಲ್ಲಿ ಆಯ್ಕೆ ನಡೆಯುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಧನಸಹಾಯ ಮಾಡಿ, ಅವುಗಳ ಪ್ರದರ್ಶನವನ್ನೂ ನಡೆಯಿಸುತ್ತದೆ. ಇಂಥ ಸಭೆಗಳಲ್ಲಿ ವಿದ್ಯಾರ್ಥಿಯು ತನ್ನ ಕೆಲಸವನ್ನು ಒಂದು ತಖ್ತೆಯ ಮೇಲೆ ಬರೆದು ತೂಗುಹಾಕಿ, ನೋಡಬಂದವರ ಪ್ರಶ್ನೆಗಳಿಗೆ ಉತ್ತರ ಕೊಡುವುದೂ ಒಂದು ರೂಢಿ. ಅದೇ ತಖ್ತೆಯನ್ನು ಕನ್ನಡದಲ್ಲಿ ಬರೆಯಿಸಿ ಗ್ರಾಮಸಭೆಯ ದಿನ ಚಾವಡಿಯಲ್ಲಿ ತೂಗುಹಾಕಿಸಿದರೆ ಹೆಚ್ಚಿನ ವೆಚ್ಚವೇನೂ ಇಲ್ಲ.

ಕೊಲ್ಹಾರದಲ್ಲಿ ಶೋಧಿಸತಕ್ಕ ವಿಷಯಗಳು

ಕೃಷ್ಣೆಯ ದಂಡೆಯ ಕೊಲ್ಹಾರವು ಮೊದಲು ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದು, ಈಚೆಗೆ ತಾನೇ ತಾಲೂಕಾಯಿತು. ಹಳೆಯ ಊರು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸಿಕ್ಕಿದ್ದರಿಂದ ಜನರು ಹೊಸ ಊರಿಗೆ ಬಂದು ನೆಲೆಸಿದರು. ಹೊಲ ಕಳೆದುಕೊಂಡ ಸೀಮೆಯಲ್ಲಿ ಉಳಿದ ಹೊಲದ ಗುಣವನ್ನು ಕಾಪಾಡುವುದು ಮನೆತನದ ಅಳಿವು ಉಳಿವಿನ ಪ್ರಶ್ನೆಯಾಗಿದೆ. ಇಲ್ಲಿ ವಿದ್ಯಾರ್ಥಿಯ ಕೈಗೆ ಎಟಕುವ ವಿಷಯಗಳು ಮೂರು.

ಮೊದಲನೆಯದು ಸವಳು. ಎರೆ ಭೂಮಿಗೆ ನೀರು ಹೆಚ್ಚಾಗಿ, ಬಸಿದು ಹೋಗಲು ಹಾದಿ ಇಲ್ಲದಿದ್ದರೆ ನೆಲವು ಜವಳಾಗಿ ಉಪ್ಪು ಮೇಲಕ್ಕೇರುವುದು. ನೀರಿನಿಂದ ತೋಯಿಸಿದ ಮಣ್ಣಿನ ಸಾರದ ವಿದ್ಯುತ್ ವಾಹಕತೆಯು ಮೀಟರಿಗೆ 4 ಡೆಸಿಸೈಮನ್ ಮೀರಿದರೆ ಆ ನೆಲವನ್ನು ಸವಳೆಂದು ಎಣಿಸುತ್ತಾರೆ. ಬಿಳಿ ಪೊರೆಯು ಕಣ್ಣಿಗೆ ಬೀಳುವ ಮೊದಲೇ ಈ ಅಳತೆಯು ಎಚ್ಚರಿಕೆ ಕೊಡಬಲ್ಲದು. ಹಂಗಾಮಿಗೊಮ್ಮೆ ಅದೇ ಬಾವಿ, ಅದೇ ಹೊಲಗಳನ್ನು ಅಳೆದಿಟ್ಟರೆ ಮುಂದಿನ ವರ್ಷದ ವಿದ್ಯಾರ್ಥಿಯು ಅದಕ್ಕೆ ತನ್ನ ಅಳತೆಯನ್ನು ಹೋಲಿಸಬಹುದು.

ಎರಡನೆಯದು ಹಿಂಗಾರಿ ಬಿಳಿಜೋಳ. ಮಳೆ ಕಡಿಮೆಯ ಒಕ್ಕಲುತನದ ಸಂಶೋಧನೆಯು ವಿಜಯಪುರದಲ್ಲಿ 1930ರ ದಶಕದಷ್ಟು ಹಿಂದೆಯೇ ಆರಂಭವಾಯಿತು. ಮುಂಗಾರಿಯಲ್ಲಿ ಹೊಲಕ್ಕೆ ಚೌಕುಮಡಿ ಕಟ್ಟಿ ಮಳೆಯ ನೀರನ್ನು ನೆಲಕ್ಕೆ ಇಂಗಿಸುವ ಕ್ರಮದಿಂದ ತನ್ನ ಹೊಲಕ್ಕೆ ಎಷ್ಟು ಲಾಭವೆಂಬುದನ್ನು ಒಕ್ಕಲಿಗನು ವಿದ್ಯಾರ್ಥಿಯ ಸಹಾಯದಿಂದ ತಾನೇ ತೂಗಿ ನೋಡಬಹುದು.

ಮೂರನೆಯದು ಕೊಲ್ಹಾರದ ಗಡಿಗೆ ಮೊಸರು. ಇದರ ಗಟ್ಟಿತನಕ್ಕೆ ಹಾಲು, ಹೆಪ್ಪು, ಮಣ್ಣಿನ ಗಡಿಗೆ ಇವುಗಳಲ್ಲಿ ಯಾವುದು ಎಷ್ಟು ಕಾರಣವೆಂಬುದನ್ನು ಅಳತೆಯಿಂದ ತಿಳಿಯಬೇಕು. ಗಡಿಗೆಯ ಸಣ್ಣ ರಂಧ್ರಗಳು ನೀರನ್ನು ಹೀರಿ ಹೊರಗೆ ಆರಿಸುತ್ತವೆ. ಮೊಸರು ಗಟ್ಟಿಯೂ ತಂಪೂ ಆಗುತ್ತದೆ. ಒಂದೇ ಮನೆಯ ಒಂದೇ ಎಮ್ಮೆಯ ಹಾಲಿಗೆ ಒಂದೇ ಹೆಪ್ಪು ಹಾಕಿ, ಅರ್ಧವನ್ನು ಗಡಿಗೆಯಲ್ಲಿಯೂ ಅರ್ಧವನ್ನು ಸ್ಟೀಲು ಪಾತ್ರೆಯಲ್ಲಿಯೂ ಇಟ್ಟು ಮರುದಿನ ತೂಗಿದರೆ ಗಡಿಗೆಯ ಪಾಲು ಗೊತ್ತಾಗುವುದು. ಇದು ಹುಡುಗಾಟವಲ್ಲ. ನೆರೆಯ ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅಂಥ ಗುರುತನ್ನು ಬೇಡುವವರು ಪದಾರ್ಥದ ಗುಣಕ್ಕೂ ಊರಿಗೂ ಇರುವ ಸಂಬಂಧವನ್ನು ಆಧಾರಸಹಿತ ತೋರಿಸಬೇಕಾಗುತ್ತದೆ. ಬರೆದಿಟ್ಟ ಅಳತೆಗಳು ಅಂಥ ಆಧಾರಕ್ಕೆ ಮೊದಲ ಮೆಟ್ಟಿಲು.

ಜಮೀನುದಾರರು ಗಮನಿಸತಕ್ಕ ನಿಯಮಗಳು

1. ಹೊಸ ಕ್ರಮದ ಪಟ್ಟಿಯ ಮಗ್ಗುಲಲ್ಲಿಯೇ ಹಳೆಯ ಕ್ರಮದ ಪಟ್ಟಿಯೂ ಇರಬೇಕು. ಅದಿಲ್ಲದೆ ಬೆಳೆ ಹೆಚ್ಚಿತೆಂದರೆ ಅದು ಮಳೆಯ ಗುಣವೋ ಪ್ರಯೋಗದ ಗುಣವೋ ತಿಳಿಯದು.

2. ಹೊಲದ ಒಂದೇ ಮೂಲೆಯಲ್ಲಿ ಮಾಡಿದ್ದು ಸಾಲದು. ಬೇರೆ ಬೇರೆ ಕಡೆ ಮೂರು ಜೋಡಿ ಪಟ್ಟಿಗಳಾದರೂ ಇರಲಿ.

3. ಪಟ್ಟಿಯು ಒಂದು ಗುಂಟೆ, ಅಂದರೆ 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಲೆಕ್ಕವು ಸುಲಭ. ಗುಂಟೆಯ ರಾಶಿಯು 15 ಕಿಲೋ ತೂಗಿದರೆ 40ರಿಂದ ಗುಣಿಸಿ ಎಕರೆಗೆ 6 ಕ್ವಿಂಟಲ್ ಎಂದು ತಿಳಿಯಬೇಕು. ತೂಕದ ವೇಳೆಗೆ ಹೊಲದೊಡೆಯನು ಎದುರಿಗಿರಲಿ.

4. ಒಂದು ಹಂಗಾಮಿನ ಫಲವನ್ನು ನಂಬಿ ಇಡೀ ಹೊಲದ ಕ್ರಮವನ್ನು ಬದಲಿಸಬಾರದು. ಮಳೆ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ.

5. ಪ್ರಯೋಗವು ಫಲಿಸದಿದ್ದರೆ ಅದನ್ನೂ ಹೇಳಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಬ್ಬನ ಹೊಲದಲ್ಲಿ ಕಂಡ ನಷ್ಟವು ತಿಳಿದರೆ ಹತ್ತು ಮನೆಯವರು ಆ ನಷ್ಟದಿಂದ ಪಾರಾಗುವರು.

6. ವರದಿಯ ಒಂದು ಕನ್ನಡ ಪ್ರತಿಯು ಗ್ರಾಮಪಂಚಾಯತಿಯ ಕಚೇರಿಯಲ್ಲಿ ಉಳಿಯಬೇಕು.

ಇದರಿಂದ ವಿದ್ಯಾರ್ಥಿಗೂ ಲಾಭವೇ ಆಗುವುದು. ಸಮ್ಮೇಳನದ ಪರೀಕ್ಷಕನು ಕೇಳದ ಪ್ರಶ್ನೆಯನ್ನು ಚಾವಡಿಯ ಮುದುಕನು ಕೇಳಬಲ್ಲನು: “ಆ ಪಟ್ಟಿಯ ಮೇಲ್ಗಡೆ ಹಳ್ಳವಿತ್ತಲ್ಲ, ಅದರ ಹಸಿಯನ್ನು ಲೆಕ್ಕಕ್ಕೆ ಹಿಡಿದಿರೇನು?” ಇದಕ್ಕೆ ಉತ್ತರ ಕೊಡಬಲ್ಲ ತರುಣನು ಯಾವ ಸಭೆಯಲ್ಲಿಯೂ ಅಳುಕನು.

ಆದುದರಿಂದ ಊರ ಗೌಡರೂ ಪಂಚಾಯತಿಯ ಅಧ್ಯಕ್ಷರೂ ಜಮೀನುದಾರರೂ ವಿದ್ಯಾರ್ಥಿಗಳು ಊರಿಗೆ ಬಂದ ವಾರದಲ್ಲಿಯೇ ಅವರನ್ನೂ ಅವರ ಗುರುಗಳನ್ನೂ ಕರೆದು, ಊರಿಗೆ ಬೇಕಾದ ಒಂದು ಪ್ರಶ್ನೆಯನ್ನು ಮುಂದಿಡಬೇಕು. ಒಂದೆರಡು ಗುಂಟೆ ನೆಲವನ್ನು ಬಿಟ್ಟುಕೊಡಬೇಕು. ಶೋಧವನ್ನು ಓದುವ ದಿನವನ್ನು ಆಗಲೇ ನಿಶ್ಚಯಿಸಬೇಕು. ಹೊಲದಿಂದ ಹೋದ ಲೆಕ್ಕವು ಹೊಲಕ್ಕೆ ಮರಳಿ ಬಂದರೆ ಮಾತ್ರ ಆ ವಿದ್ಯೆಯಿಂದ ಊರಿಗೆ ಪ್ರಯೋಜನವು.