ಅಂದಾಜು ಮತ್ತು ಲೆಕ್ಕ: ಕೊಬ್ಬರಿ ವರ್ತಕರ ನಿರ್ಧಾರಗಳ ಒಂದು ಪರಿಶೀಲನೆ

ವ್ಯಾಪಾರವೆಂದರೆ ನಿತ್ಯವೂ ನಿರ್ಧಾರ ಕೈಗೊಳ್ಳುವ ಕಾಯಕ. ಯಾವ ಮಾಲನ್ನು ಎಷ್ಟು ದರಕ್ಕೆ ಕೊಳ್ಳಬೇಕು, ಯಾರಿಗೆ ಉದ್ದರಿ ಕೊಡಬೇಕು, ಯಾವಾಗ ಮಾರಬೇಕು ಎಂಬ ಪ್ರಶ್ನೆಗಳಿಗೆ ಅನುಭವಿ ವರ್ತಕನು ಬಹುಪಾಲು ಕ್ಷಣಾರ್ಧದಲ್ಲೇ ಉತ್ತರ ಕಂಡುಕೊಳ್ಳುತ್ತಾನೆ. ಹೀಗೆ ತಟ್ಟನೆ ಹೊಳೆಯುವುದು ಅಂತಃಪ್ರಜ್ಞೆ, ಆಡುಮಾತಿನಲ್ಲಿ ಅಂದಾಜು. ಕಾಗದದ ಮೇಲೆ ಬರೆದು, ಹಂತಹಂತವಾಗಿ ತೂಗಿ ನೋಡುವುದು ವಿಶ್ಲೇಷಣೆ. ಇವೆರಡರಲ್ಲಿ ಯಾವುದನ್ನು ಎಲ್ಲಿ ನಂಬಬೇಕೆಂಬುದು ಲಾಭನಷ್ಟವನ್ನು ನಿರ್ಧರಿಸುವ ಪ್ರಶ್ನೆ.

ಈ ವಿಷಯದಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರ ಹೆಸರು ಪ್ರಮುಖವಾದುದು. ಅಮೋಸ್ ಟ್ವರ್ಸ್ಕಿ ಅವರೊಡಗೂಡಿ ನಡೆಸಿದ ಸಂಶೋಧನೆ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ತಂದುಕೊಟ್ಟಿತು. ಮನಸ್ಸಿನ ವೇಗದ ನಡೆ ಬಹುಮಟ್ಟಿಗೆ ಉಪಯುಕ್ತವಾದರೂ ಕೆಲವೆಡೆ ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಎಡವುತ್ತದೆಂದು ಅವರು ತೋರಿಸಿದರು. ಇಂತಹ ಎಡವಟ್ಟನ್ನು ಬಯಲಿಗೆಳೆಯುವ ಒಂದು ಪ್ರಸಿದ್ಧ ಲೆಕ್ಕವನ್ನು ಮಂಡಿಯ ಭಾಷೆಯಲ್ಲಿ ಹೀಗೆ ಹೇಳಬಹುದು: ಒಂದು ಚೀಲ ಮತ್ತು ಒಂದು ಹಗ್ಗಕ್ಕೆ ಒಟ್ಟು 110 ರೂಪಾಯಿ. ಚೀಲದ ಬೆಲೆ ಹಗ್ಗಕ್ಕಿಂತ 100 ರೂಪಾಯಿ ಹೆಚ್ಚು. ಹಗ್ಗದ ಬೆಲೆಯೆಷ್ಟು? ಹೆಚ್ಚಿನವರ ನಾಲಿಗೆಗೆ ಮೊದಲು ಬರುವ ಉತ್ತರ 10. ಸರಿಯುತ್ತರ 5.

ಕೈಗೆ ತಿಳಿಯುವ ವಿದ್ಯೆ

ಹಾಗೆಂದು ಅಂದಾಜನ್ನು ಹೀಗಳೆಯುವಂತಿಲ್ಲ. ಗುಬ್ಬಿ ತಾಲ್ಲೂಕಿನ ನಿಟ್ಟೂರು ತೆಂಗು, ಅಡಿಕೆ ತೋಟಗಳ ನಡುವಿನ ಹೋಬಳಿ ಕೇಂದ್ರ. ತುಮಕೂರು–ಅರಸೀಕೆರೆ ರೈಲು ಮಾರ್ಗದ ಒಂದು ನಿಲ್ದಾಣ. ಈ ಭಾಗದ ಉಂಡೆ ಕೊಬ್ಬರಿಯು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಒಣಗಿ ಸಿದ್ಧವಾಗುತ್ತದೆ. ಕಾಯಿಯನ್ನು ಅಲ್ಲಾಡಿಸಿದಾಗ ಒಳಗಿನ ಸದ್ದು ಕೇಳಿ ಅದು ಒಣಗಿದೆಯೇ ಎಂದು ಹೇಳುವವರು, ಮುರಿದ ಹೋಳಿನ ವಾಸನೆಯಿಂದ ಕೌಟು ಹಿಡಿದಿರುವುದನ್ನು ಪತ್ತೆ ಹಚ್ಚುವವರು ಇಲ್ಲಿ ವಿರಳವಲ್ಲ.

ಇದು ಪವಾಡವಲ್ಲ. 1978ರ ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರ ಪ್ರಕಾರ ಅಂತಃಪ್ರಜ್ಞೆಯೆಂದರೆ ಗುರುತಿಸುವಿಕೆಯೇ ಹೊರತು ಬೇರೇನಲ್ಲ. 2009ರಲ್ಲಿ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಒಟ್ಟಾಗಿ ಬರೆದ ಲೇಖನವು ಅಂದಾಜು ನಂಬಲರ್ಹವಾಗಲು ಎರಡು ಷರತ್ತುಗಳನ್ನು ಮುಂದಿಟ್ಟಿತು. ಮೊದಲನೆಯದಾಗಿ, ವಿಷಯಕ್ಕೆ ಒಂದು ನಿಯತ ಕ್ರಮವಿರಬೇಕು. ಎರಡನೆಯದಾಗಿ, ಆ ಕ್ರಮವನ್ನು ಕಲಿಯಲು ದೀರ್ಘಕಾಲದ ಅಭ್ಯಾಸವೂ, ತಪ್ಪು ಸರಿಗಳ ಅರಿವು ಬೇಗನೆ ದೊರೆಯುವ ಅವಕಾಶವೂ ಇರಬೇಕು. ಕಾಯಿ ಒಡೆದೊಡನೆ ಊಹೆ ಸರಿಯೋ ತಪ್ಪೋ ಗೊತ್ತಾಗುತ್ತದೆ. ಸಾವಿರಾರು ಬಾರಿ ಹೀಗೆ ಪಾಠ ಕಲಿತ ಕೈಯನ್ನು ನಂಬಬಹುದು.

ದರದ ಮಾತೇ ಬೇರೆ

ಅದೇ ವರ್ತಕರು "ಇನ್ನು ಮೂರು ತಿಂಗಳಲ್ಲಿ ದರ ಏರುತ್ತದೆ" ಎಂದಾಗ ಮಾತಿನ ದೃಢತೆ ಅಷ್ಟೇ ಇರುತ್ತದೆ. ಆಧಾರ ಮಾತ್ರ ಅಷ್ಟಿರುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ದರ 10,000ಕ್ಕಿಂತ ಕೆಳಗಿಳಿದಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದರೆ ಮಾರುಕಟ್ಟೆಯ ದರ 20,000ವನ್ನೂ ದಾಟಿತು. ಎರಡೇ ವರ್ಷದಲ್ಲಿ ದುಪ್ಪಟ್ಟಿಗೂ ಮೀರಿ ಏರಿದ ಸರಕಿನಲ್ಲಿ ಕೈ ಕಲಿಯಬಹುದಾದ ನಿಯತ ಕ್ರಮ ಕಡಿಮೆ.

ಜೊತೆಗೆ ಮತ್ತೊಂದು ತೊಡಕು. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಸಂತೋಷಕ್ಕಿಂತ ಹೆಚ್ಚೆಂದು ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ಪ್ರತಿಪಾದಿಸಿದರು. ಕೊಂಡ ದರಕ್ಕಿಂತ ಕಡಿಮೆಗೆ ಮಾರಲು ಮನಸ್ಸು ಒಪ್ಪದಿರುವುದಕ್ಕೆ ಇದೇ ಕಾರಣ. ಆದರೆ ಮಾರುಕಟ್ಟೆಗೆ ಯಾರ ಖರೀದಿ ದರವೂ ತಿಳಿದಿರುವುದಿಲ್ಲ.

ದಾಸ್ತಾನಿನ ನಿಜವಾದ ವೆಚ್ಚ

ಇಲ್ಲಿ ಲೆಕ್ಕವೇ ದಾರಿ ತೋರಬೇಕು. ಉದಾಹರಣೆಗೆ, ವರ್ತಕನೊಬ್ಬನು 20,000 ರೂಪಾಯಿ ದರದಲ್ಲಿ 100 ಕ್ವಿಂಟಲ್ ಕೊಬ್ಬರಿಯನ್ನು ಮೂರು ತಿಂಗಳು ದಾಸ್ತಾನಿಟ್ಟನೆಂದುಕೊಳ್ಳೋಣ. ವಾರ್ಷಿಕ ಶೇ. 12ರಂತೆ ಕ್ವಿಂಟಲಿಗೆ ಬಡ್ಡಿ 600 ರೂಪಾಯಿ. ಗೋದಾಮು ಬಾಡಿಗೆ ಮತ್ತು ವಿಮೆ 150 ರೂಪಾಯಿ. ಅಸಲು ಸೇರಿ 20,750. ಒಣಗಿ ಶೇ. 3ರಷ್ಟು ತೂಕ ಇಳಿದರೆ ಮಾರಲು ಉಳಿಯುವುದು 97 ಕೆ.ಜಿ. ಮಾತ್ರ.

ದರ 21,000ಕ್ಕೆ ಏರಿದಾಗ ಕ್ವಿಂಟಲಿಗೆ 1,000 ಲಾಭವೆಂದು ಅಂದಾಜು ಹೇಳುತ್ತದೆ. ವಾಸ್ತವದಲ್ಲಿ 97 ಕೆ.ಜಿ.ಗೆ ದೊರೆಯುವುದು 20,370 ರೂಪಾಯಿ. ಅಂದರೆ ಕ್ವಿಂಟಲಿಗೆ 380 ರೂಪಾಯಿಯಂತೆ ಒಟ್ಟು 38,000 ರೂಪಾಯಿ ನಷ್ಟ! ಅಸಲು ಕೈಸೇರಬೇಕಾದರೆ ದರ ಸುಮಾರು 21,400 ಮುಟ್ಟಬೇಕು. ದಾಸ್ತಾನಿಡುವ ಮುನ್ನ ಕೇಳಬೇಕಾದ ಪ್ರಶ್ನೆ "ದರ ಏರುವುದೇ?" ಎಂಬುದಷ್ಟೇ ಅಲ್ಲ, "ಇಷ್ಟು ದಿನದೊಳಗೆ ಇಷ್ಟು ಏರುವುದೇ?" ಎಂಬುದು.

ಒಮ್ಮೆ ಮಾತ್ರ ಬರುವ ನಿರ್ಧಾರ

ಕಿರು ಉದ್ಯಮಿಗಳಿಗೂ ಇದು ಅನ್ವಯಿಸುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಪ್ರದೇಶದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಇಂತಹ ಬೃಹತ್ ಕಾರ್ಖಾನೆಯ ಆಸುಪಾಸಿನಲ್ಲಿ ಜಾಗ ಕೊಳ್ಳುವುದು, ಯಂತ್ರಕ್ಕಾಗಿ ಸಾಲ ಮಾಡುವುದು ಜೀವಮಾನದಲ್ಲಿ ಒಂದೆರಡು ಬಾರಿ ಮಾತ್ರ ಎದುರಾಗುವ ನಿರ್ಧಾರ. ಅಭ್ಯಾಸಕ್ಕೆ ಎಡೆಯಿಲ್ಲದ ಕಡೆ ಅಂದಾಜಿಗೆ ಬಲವೂ ಇಲ್ಲ. ಖಚಿತವಾದ ಆರ್ಡರು, ಮಾಸಿಕ ಕಂತು, ಕೆಲಸ ಅರ್ಧಕ್ಕಿಳಿದರೂ ಕಂತು ಕಟ್ಟುವ ಸಾಮರ್ಥ್ಯ — ಈ ಮೂರನ್ನಾದರೂ ಬರೆದು ನೋಡುವುದು ಅಗತ್ಯ.

ಅನುಸರಿಸಬಹುದಾದ ರೂಢಿ

ಲೆಕ್ಕವೂ ದೋಷಾತೀತವಲ್ಲ, ಅದರಲ್ಲಿ ತುಂಬುವ ಅಂಕಿಗಳೇ ಊಹೆಯಾಗಿದ್ದರೆ ಉತ್ತರವೂ ಊಹೆಯೇ. ಆದ್ದರಿಂದ ದೊಡ್ಡ ಖರೀದಿಯ ದಿನವೇ ದಿನಾಂಕ, ನಿರೀಕ್ಷಿತ ದರ, ಅದಕ್ಕೆ ಕಾರಣ ಮತ್ತು ಮಾರಾಟದ ಗಡುವನ್ನು ಒಂದು ಪುಸ್ತಕದಲ್ಲಿ ದಾಖಲಿಸುವುದು ಒಳ್ಳೆಯದು. ಹೀಗೆ ಬರೆದಿಡದಿದ್ದರೆ ಸರಿಯಾದ ಊಹೆಗಳಷ್ಟೇ ನೆನಪಿನಲ್ಲಿ ಉಳಿದು, ತಪ್ಪಿದವು ಮರೆಯಾಗುತ್ತವೆ. ದೀಪಾವಳಿಗೆ ಲೆಕ್ಕದ ಪುಸ್ತಕಗಳನ್ನು ಪೂಜಿಸುವಾಗ ಈ ಪುಸ್ತಕವನ್ನೂ ತೆರೆದು, ಹತ್ತರಲ್ಲಿ ಎಷ್ಟು ಸರಿಯಾಯಿತೆಂದು ಎಣಿಸಬೇಕು. ಆಗ ಯಾವ ಅಂದಾಜಿಗೆ ಎಷ್ಟು ಬಂಡವಾಳ ಹೂಡಬಹುದೆಂಬುದು ವರ್ತಕನಿಗೆ ತನ್ನದೇ ಅಂಕಿಗಳಿಂದ ತಿಳಿಯುತ್ತದೆ.