ಸಹ್ಯಾದ್ರಿಯ ತೊರೆಯಲ್ಲಿ ಟ್ರೌಟ್ ಹುಡುಕುವವರಿಗೆ

ಮಳೆಗಾಲ ಶುರುವಾಯಿತೆಂದರೆ ಶನಿವಾರ ನಸುಕಿನ ಮುಂಬೈಯ ಕರ್ಜತ್, ಕಸಾರಾ ಲೋಕಲ್‌ಗಳಲ್ಲಿ ಬೆನ್ನುಚೀಲಗಳದ್ದೇ ದರ್ಬಾರು. ಡೊಂಬಿವಿಲಿಯಲ್ಲೋ ಮುಲುಂಡಿನಲ್ಲೋ ಹತ್ತುವ ನಮ್ಮ ಕನ್ನಡದ ಹುಡುಗರೂ ಅದರಲ್ಲಿದ್ದಾರೆ. ಯಾವುದೋ ಶೀತದೇಶದ ಬೆಟ್ಟದ ಹೊಳೆಯಲ್ಲಿ ಸೊಂಟಮಟ್ಟ ನಿಂತು, ಚಾಟಿಯಂತೆ ದಾರ ಬೀಸಿ ಟ್ರೌಟ್ ಹಿಡಿಯುವವನ ವಿಡಿಯೊ ನೋಡಿದವರಿಗೆ, ರಾಜಮಾಚಿ ಕೋಟೆಯ ಬುಡದಲ್ಲಿ ನಾವೂ ಹಾಗೆ ಮಾಡಬಾರದೇಕೆ ಅನ್ನಿಸುವುದು ಸಹಜ. ಆಸೆಯಲ್ಲಿ ತಪ್ಪಿಲ್ಲ. ಅದರ ಬೆನ್ನಿಗೆ ಬರುವ ತಿಳಿವಳಿಕೆಯಲ್ಲಿ ಮಾತ್ರ ತಪ್ಪುಗಳು ಬೇಕಾದಷ್ಟಿವೆ.

“ನಮ್ಮ ಬೆಟ್ಟದ ತೊರೆಗಳಲ್ಲೂ ನಾಡು ಟ್ರೌಟ್ ಇದೆ” ಎಂಬುದು ಮೊದಲನೆಯದು. ಇಲ್ಲ. ಸಹ್ಯಾದ್ರಿಯ ಮಾತು ಬಿಡಿ, ಇಡೀ ಭಾರತಕ್ಕೇ ಟ್ರೌಟ್ ಹೊರಗಿನಿಂದ ಬಂದ ಮೀನು. ಕಾಶ್ಮೀರದ ಕಂದು ಟ್ರೌಟ್ 1900ರಲ್ಲಿ ಸ್ಕಾಟ್ಲೆಂಡಿನಿಂದ ಮೊಟ್ಟೆಯಾಗಿ ಹಡಗೇರಿ ಬಂತು. ನೀಲಗಿರಿಯ ಅವಲಾಂಚೆಯಲ್ಲಿ ಮರಿ ಮಾಡುವ ಕೇಂದ್ರ ಎದ್ದದ್ದು 1907ರಲ್ಲಿ. ಹಿಮಾಲಯದಲ್ಲಿ ‘ಸ್ನೋ ಟ್ರೌಟ್’ ಎಂದು ಕರೆಯುವ ಮೀನು ನಿಜವಾಗಿ ಕಾರ್ಪ್ ಬಳಗದ್ದು. ಬ್ರಿಟಿಷರು ತಮಗೆ ಗೊತ್ತಿದ್ದ ಹೆಸರನ್ನು ಅದಕ್ಕೆ ಅಂಟಿಸಿದರು, ಅಷ್ಟೆ.

ತಂದು ಬಿಟ್ಟರೂ ಇಲ್ಲಿ ಅದು ಬದುಕುವುದಿಲ್ಲ. ಟ್ರೌಟ್‌ಗೆ 20 ಡಿಗ್ರಿಯೊಳಗಿನ ನೀರು ಬೇಕು. 25ರ ಹತ್ತಿರ ಹೋದರೆ ಜೀವಕ್ಕೇ ಸಂಚಕಾರ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ, ಮೀನಿನ ಅಗತ್ಯ ಮಾತ್ರ ಏರುತ್ತದೆ. ಅಷ್ಟು ತಂಪಿಗೆ ಎತ್ತರ ಬೇಕು: ನೀಲಗಿರಿಯ ಊಟಿ ಪಟ್ಟಣವೇ ಸಮುದ್ರಮಟ್ಟದಿಂದ 2200 ಮೀಟರ್ ಮೇಲಿದ್ದರೆ ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಗೆ ಬರೀ 1646 ಮೀಟರ್. ಸಾಲದ್ದಕ್ಕೆ ಕರ್ಜತ್ ಕಡೆಯ ತೊರೆಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಬತ್ತಿ, ಅಲ್ಲಲ್ಲಿ ಮಡುಗಳು ಮಾತ್ರ ಉಳಿಯುತ್ತವೆ.

ಹಾಗಾದರೆ ಇಲ್ಲಿರುವುದು ಏನು? ಕೆಳದುಟಿಯ ಹೀರುಬಟ್ಟಲಿನಿಂದ ಬಂಡೆಗೆ ಕಚ್ಚಿಕೊಂಡು ಸೆಳವನ್ನು ಎದುರಿಸುವ ಗಾರಾ ಜಾತಿಯ ಮೀನುಗಳು, ಮರಳಿನಲ್ಲಿ ಹುದುಗುವ ಬೆರಳುದ್ದದ ಲೋಚ್‌ಗಳು, ಮಿಂಚಿ ಮರೆಯಾಗುವ ಡೇನಿಯೊಗಳು. ಫೋಟೊ ತೆಗೆಸಿಕೊಳ್ಳುವ ಗಾತ್ರ ಇವಕ್ಕಿಲ್ಲ, ಆದರೆ ಈ ತೊರೆಯ ನಿಜವಾದ ಒಕ್ಕಲು ಇವೇ. ಘಟ್ಟ ಹತ್ತಿ ಪೂರ್ವಕ್ಕೆ ಹರಿಯುವ ನೀರಿಗೆ ಹೋದರೆ ದಖ್ಖನ್ ಮಹಶೀರ್ ಸಿಗುತ್ತದೆ. ಅದನ್ನು 1839ರಲ್ಲಿ ಪುಣೆಯ ಮುಳಾ-ಮುಠಾ ನದಿಯಿಂದ ವಿಜ್ಞಾನಕ್ಕೆ ಪರಿಚಯಿಸಿದವನು ಕರ್ನಲ್ ಸೈಕ್ಸ್. ಶೃಂಗೇರಿಯ ಮೆಟ್ಟಿಲಲ್ಲಿ ಮಂಡಕ್ಕಿಗೆ ಬಾಯ್ತೆರೆಯುವ ದೇವರ ಮೀನುಗಳು ಇದೇ ಮಹಶೀರ್ ಬಳಗದವು.

ಮಹಶೀರ್ ಮಾತು ಬಂದಾಗ ಕೇಳಿಬರುವ ಇನ್ನೊಂದು ಮಾತು: “ಮೀನು ಕಡಿಮೆಯಾದರೆ ಮರಿ ತಂದು ಬಿಟ್ಟರಾಯಿತು.” ಕೇಳಲು ಪುಣ್ಯದ ಕೆಲಸದಂತಿದೆ. ಇದರ ಕಥೆ ಮುಂಬೈಯನ್ನೂ ಕಾವೇರಿಯನ್ನೂ ಒಂದೇ ಎಳೆಯಲ್ಲಿ ಹೆಣೆಯುತ್ತದೆ. ಮುಂಬೈಯ ಬಟ್ಟೆ ಗಿರಣಿಗಳಿಗೆ ಕರೆಂಟು ಕೊಡಲು ಟಾಟಾದವರು ಲೋಣಾವಳದಲ್ಲಿ ವಲವಣ ಮುಂತಾದ ಜಲಾಶಯಗಳನ್ನು ಕಟ್ಟಿದರು. 1915ರಲ್ಲಿ ಖೋಪೋಲಿಯ ವಿದ್ಯುದಾಗಾರ ಶುರುವಾಯಿತು. 1970ರ ದಶಕದಲ್ಲಿ ಅದೇ ವಲವಣದ ದಡದಲ್ಲಿ ಮಹಶೀರ್ ಮರಿಕೇಂದ್ರ ತಲೆಯೆತ್ತಿತು. ಅಳಿವಿನಂಚಿನ ಮೀನನ್ನು ಉಳಿಸುವ ಪ್ರಾಮಾಣಿಕ ಪ್ರಯತ್ನ ಅದು, ಅದರಲ್ಲಿ ಎರಡು ಮಾತಿಲ್ಲ. ಮರಿಗಳು ಬೇರೆ ಬೇರೆ ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು.

ಆದರೆ ಕಾವೇರಿಯಲ್ಲಿ ಅದರದೇ ಮಹಶೀರ್ ಇತ್ತು. ಬೆನ್ನು ಗೂನಾದ, ಐವತ್ತು ಕಿಲೋ ತೂಗಬಲ್ಲ ಆ ಮೀನಿಗಾಗಿಯೇ ಬ್ರಿಟಿಷ್ ಕಾಲದಿಂದ ಗಾಳಪ್ರಿಯರು ಅಲ್ಲಿಗೆ ಹೋಗುತ್ತಿದ್ದರು. ಲೋಣಾವಳದ ನೀಲಿರೆಕ್ಕೆಯ ದಖ್ಖನ್ ಮಹಶೀರ್ ಹೆಚ್ಚುತ್ತ ಹೋದ ಹಾಗೆ ಗೂನುಬೆನ್ನಿನದು ಕಾಣೆಯಾಗುತ್ತ ಬಂತು. ಅಣೆಕಟ್ಟು, ಮರಳುಗಣಿ, ಸಿಡಿಮದ್ದು ಹಾಕಿ ಮೀನು ಹಿಡಿಯುವ ಚಾಳಿಗಳ ಜತೆಗೆ ಈ ಹೊರಗಿನ ಮೀನೂ ಕಾರಣ ಎಂದು ಸಂಶೋಧಕರು ಶಂಕಿಸಿದ್ದಾರೆ. ಇಷ್ಟು ಹೆಸರುವಾಸಿಯಾದ ಮೀನಿನ ವೈಜ್ಞಾನಿಕ ಗುರುತು, ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಆ ಹೊತ್ತಿಗೆ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರುವ ಸ್ಥಿತಿಗೆ ಬಂದಿತ್ತು. ಹಾಗಾಗಿ ‘ಮಹಶೀರ್ ಬಿಟ್ಟೆವು’ ಎಂಬ ಸುದ್ದಿ ಓದಿದಾಗ, ಎಲ್ಲಿಯದನ್ನು ಎಲ್ಲಿಗೆ ಎಂದು ಕೇಳಬೇಕು. ಮನೆಯ ಗಾಜಿನ ತೊಟ್ಟಿಯ ಮೀನನ್ನು ಕೆರೆಗೆ ಸುರಿದು ಬರುವವರನ್ನೂ ಹಾಗೆಯೇ ಕೇಳಬೇಕು.

ಇನ್ನು ಚಾಟಿಯಂತೆ ದಾರ ಬೀಸುವ ಆ ವಿದ್ಯೆ: ಫ್ಲೈ ಫಿಶಿಂಗ್ ಎಂದರೆ ನೊಣ ಹಿಡಿದು ಗಾಳಕ್ಕೆ ಚುಚ್ಚುವುದಲ್ಲ. ಪುಕ್ಕ, ರೋಮ, ನೂಲುಗಳನ್ನು ಕೊಕ್ಕೆಗೆ ಸುತ್ತಿ ಕೀಟದಂತೆ ಕಾಣಿಸುವ ಕೈಕಸುಬು ಅದು. ಆ ಹುಸಿ ಕೀಟಕ್ಕೆ ತೂಕವೇ ಇಲ್ಲದ್ದರಿಂದ ದಾರದ ತೂಕದಿಂದಲೇ ಎಸೆಯಬೇಕು. ವಿಡಿಯೊದಲ್ಲಿ ಕಾಣುವ ಆ ಬೀಸಾಟ ಅದಕ್ಕೇ. ಟ್ರೌಟ್‌ಗೆ ಮಾತ್ರ ಮೀಸಲು ಎಂಬುದೂ ಸುಳ್ಳು, ಮಹಶೀರ್ ಕೂಡ ಇದಕ್ಕೆ ಬೀಳುತ್ತದೆ.

“ಹೊಳೆ ತುಂಬಿದಾಗಲೇ ಮೀನಿನ ಸುಗ್ಗಿ” ಎನ್ನುವುದು ಮಾತ್ರ ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯಕಾರಿ. ಮುಂಗಾರಿನ ಮೊದಲ ಹೊಸ ನೀರಿಗೆ ಮೀನುಗಳು ಪ್ರವಾಹಕ್ಕೆ ಎದುರಾಗಿ ತೊರೆ, ಗದ್ದೆಗಳಿಗೆ ಏರುತ್ತವೆ. ಕೊಂಕಣದಲ್ಲಿ ಇದನ್ನು ವಲಗಣ್ ಎನ್ನುತ್ತಾರೆ, ಮಲೆನಾಡಿನವರಿಗೆ ಇದು ಹತ್ತುಮೀನು. ಮೃಗಶಿರಾ ಮಳೆಯ ರಾತ್ರಿ ಬ್ಯಾಟರಿ, ಕತ್ತಿ ಹಿಡಿದು ಗದ್ದೆಗೆ ಇಳಿದ ನೆನಪು ಮುಂಬೈಗೆ ಬಂದ ಎಷ್ಟೋ ಹಿರಿಯರಿಗಿದೆ. ಮೀನು ಸುಲಭವಾಗಿ ಸಿಗುವುದು ನಿಜ. ಆದರೆ ಅವು ಏರುವುದು ಮೊಟ್ಟೆಯಿಡಲು. ಒಂದು ಹೊಟ್ಟೆ ಸೀಳಿದರೆ ಸಾವಿರಾರು ಮರಿಗಳ ಲೆಕ್ಕ ಅಲ್ಲೇ ಮುಗಿಯುತ್ತದೆ. ಊರಿಗೆ ನಾಲ್ಕು ಮಂದಿ ಹಿಡಿಯುತ್ತಿದ್ದ ಕಾಲ ಬೇರೆ, ರೈಲುಗಟ್ಟಲೆ ಜನ ಬಂದಿಳಿಯುವ ಕಾಲ ಬೇರೆ. ಮೀನು ಮೊಟ್ಟೆಯಿಡುವ ಕಾಲವೆಂದೇ ಮುಂಬೈಯ ಸಾಸೂನ್ ಡಾಕ್‌ನ ಯಾಂತ್ರಿಕ ದೋಣಿಗಳೂ ಜೂನ್, ಜುಲೈಯಲ್ಲಿ ದಡದಲ್ಲೇ ಇರುತ್ತವೆ. ಇನ್ನು ಮನುಷ್ಯನ ಜೀವದ ವಿಷಯ: ನೀವು ನಿಂತ ಕಡೆ ಬಿಸಿಲಿದ್ದರೂ ಮೇಲಿನ ಕಣಿವೆಯಲ್ಲಿ ಸುರಿದ ಮಳೆ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ. ಜಿಲ್ಲಾಡಳಿತ ಮಳೆಗಾಲದಲ್ಲಿ ಜಲಪಾತಗಳ ಬಳಿ ನಿಷೇಧ ಹೇರುವುದು ನಿಮ್ಮ ಭಾನುವಾರ ಕೆಡಿಸಲಿಕ್ಕಲ್ಲ.

“ಹಿಡಿದು ಮತ್ತೆ ಬಿಟ್ಟರೆ ಮೀನಿಗೇನೂ ಆಗುವುದಿಲ್ಲ” ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ರೋಗಾಣುಗಳಿಂದ ಮೀನನ್ನು ಕಾಯುವುದು ಆ ಲೋಳೆಯೇ. ಬೆಚ್ಚನೆಯ ನೀರಿನಲ್ಲಿ ಹೆಚ್ಚು ಹೊತ್ತು ಎಳೆದಾಡಿಸಿ, ಸೆಲ್ಫಿಗೆ ಮೇಲೆತ್ತಿ ಹಿಡಿದ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಕೈ ಒದ್ದೆ ಮಾಡಿಕೊಂಡು, ನೀರಿನಲ್ಲಿಟ್ಟುಕೊಂಡೇ ಬಿಡಿಸಿದರೆ ಬದುಕುವ ಸಂಭವ ಹೆಚ್ಚು.

ಕರ್ಜತ್ ದೂರವೆಂದು ಬೊರಿವಲಿಯಲ್ಲೇ ಗಾಳ ಹಾಕುವ ಯೋಚನೆಯಿದ್ದರೆ ಬಿಡಿ. ದಹಿಸರ್ ನದಿ ತುಳಸಿ ಕೆರೆಯ ಕಡೆಯಿಂದ ಇಳಿದು ಬರುವ ದಾರಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗಿದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಪ್ರಾಣಿ ಎಂಬ ಮಾತಿನಲ್ಲಿ ಈಗ ಮೀನೂ ಸೇರಿದೆ. ಹಿಡಿದು ಬಿಟ್ಟೆ ಎಂಬ ವಾದ ಅಲ್ಲಿ ನಡೆಯದು. ಕಾವೇರಿ ವನ್ಯಧಾಮದ ಗಾಳದ ಶಿಬಿರಗಳು ನಿಂತದ್ದೂ ಇದೇ ಕಾಯ್ದೆಯಿಂದ. ನಗರದೊಳಗೆ ಕ್ರಮಬದ್ಧವಾಗಿ ಗಾಳ ಹಾಕಲು ಇರುವ ಹಳೆಯ ಜಾಗ ಪೊವಾಯಿ. 1891ರಲ್ಲಿ ಕಟ್ಟಿದ ಆ ಕೆರೆಯ ದಡದಲ್ಲಿ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಇದೆ. ಅಲ್ಲಿ ಸಿಗುವುದು ಕಾಟ್ಲಾ, ರೋಹು, ಆಫ್ರಿಕಾದಿಂದ ಬಂದ ತಿಲಾಪಿಯಾ. ಮೊಸಳೆಗಳೂ ಇವೆ, ಸೊಂಟಮಟ್ಟ ನೀರಿಗಿಳಿದು ದಾರ ಬೀಸುವ ಆಸೆ ಬೇಡ.